ಕಚ್ಚಾ ಹೊಲಿಗೆ

ಆಟಗಾರರನ್ನು ಬೇರೆ ತಂಡಕ್ಕೆ ಕೊಡುವ ಗಡುವು ಅಂದು ಸಂಜೆ ಆರಕ್ಕೆ ಮುಗಿಯುವುದಿತ್ತು. ಲೊರೇನ್ ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವಳಪ್ಪ ಬರ್ನಾರ್ಡ್ ಅಲ್ಲೇ ರೇಡಿಯೋ ಪಕ್ಕ ಕೂತಿದ್ದ. ಮಡಿಲಲ್ಲಿ ಬೇಸ್‌ಬಾಲ್ ಜೆರ್ಸಿ, ಕೈಯಲ್ಲಿ ಕತ್ತರಿ.

ಜೆರ್ಸಿಯ ಬೆನ್ನ ಮೇಲೆ ಟವಾರೆಸ್ ಎಂಬ ಹೆಸರಿತ್ತು. ಮೊದಲು ಅಲ್ಲಿ ಬೇರೆಯವರ ಹೆಸರುಗಳಿದ್ದವು. ಲೊರೇನ್ ಯಾರ ಹೆಸರು ಹೊಲಿದರೂ ತಂಡದವರು ಅವನನ್ನು ಕೊಟ್ಟು ಮೀಸೆ ಮೂಡದ ಹುಡುಗರನ್ನು ತರುತ್ತಿದ್ದರು. ಹೊಸ ತಂಡ ಕಟ್ಟುತ್ತಿದ್ದೇವೆ, ಸ್ವಲ್ಪ ತಾಳಿ ಅನ್ನುತ್ತಿದ್ದರು. ಬಿಚ್ಚಿ ಬಿಚ್ಚಿ ಬಟ್ಟೆ ಜರಡಿಯಾಗಿತ್ತು.

"ಟವಾರೆಸ್‌ನನ್ನೂ ಕೊಟ್ರೆ ಮುಗೀತು. ಮೈದಾನದಲ್ಲಿ ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿರೋ ನಮ್ಮ ಎರಡು ಸೀಟು ವಾಪಸ್ ಕೊಟ್ಟುಬಿಡ್ತೀನಿ," ಎಂದ ಬರ್ನಾರ್ಡ್.

"ಪ್ರತಿ ವರ್ಷ ಹೀಗೇ ಅಂತೀಯಪ್ಪ."

"ಪ್ರತಿ ವರ್ಷ ನಾನು ಕತ್ತರಿ ಹಿಡಿದು ಕೂತಿದ್ನಾ?"

ಲೊರೇನ್ ಇನ್ನೊಂದು ಬೀನ್ಸ್ ಎತ್ತಿಕೊಂಡಳು. ಮನೆಯಲ್ಲಿ ಅಪ್ಪನದು ಬರೀ ಹ್ಞೂಂ, ಉಹ್ಞೂಂ. ಆ ಸೀಟಿನಲ್ಲಿ ಕೂತು, ಕಡಲೆಕಾಯಿ ಸುಲಿಯುತ್ತಾ, ತಂಡ ಸೋಲುವುದನ್ನು ನೋಡುತ್ತಾ, ಅವನ ಬಾಯಿ ತೆರೆಯುತ್ತಿತ್ತು. ತೀರಿಕೊಳ್ಳುವ ಮುಂಚೆ ಅಮ್ಮ ಕೊನೆಗೆ ಏನು ಹೇಳಿದಳು ಅನ್ನುವುದನ್ನೂ ಅವನು ಹೇಳಿದ್ದು ಅಲ್ಲೇ. ಆ ಸೀಟು ಹೋದರೆ ಅವಳಿಗೆ ಅಪ್ಪ ಸಿಗುವ ಜಾಗವೇ ಇಲ್ಲ.

ಆರು ಹೊಡೆಯಿತು. ಟವಾರೆಸ್ ಇಲ್ಲೇ ಉಳಿದಿದ್ದಾನೆ ಎಂದಿತು ರೇಡಿಯೋ.

"ತಡಿ. ಕೊನೇ ಗಳಿಗೇಲಿ ಕೊಟ್ಟಿದ್ದನ್ನ ಆಮೇಲೆ ಹೇಳ್ತಾರೆ, ಕಳ್ಳರು," ಎಂದ ಬರ್ನಾರ್ಡ್.

ಬೀನ್ಸ್ ಬೇಯುವವರೆಗೂ ಕಾದರು. ಆಗ ತಂಡದ ಯಜಮಾನನ ದನಿಯೇ ಬಂತು: ಅವನನ್ನು ಯಾರಿಗೂ ಕೊಟ್ಟಿಲ್ಲ, ಇನ್ನು ಮುಂದಿನ ತಂಡ ಅವನ ಸುತ್ತಲೇ.

ಬರ್ನಾರ್ಡ್ ಕತ್ತರಿ ಕೆಳಗಿಟ್ಟ. ಲೊರೇನ್ ಒಲೆ ಆರಿಸಿದಳು. ಇಷ್ಟು ಹೊತ್ತೂ ಬಿಗಿಹಿಡಿದಿದ್ದ ಭುಜ ಸಡಿಲವಾದಾಗಲೇ ಅವಳಿಗೆ ಅದು ನೋಯುತ್ತಿದ್ದುದು ಗೊತ್ತಾಯಿತು.

"ಗೆಲ್ತಾರೆ ಅಂತಲ್ಲ," ಎಂದ ಅಪ್ಪ. "ಈ ವರ್ಷಾನೂ ಕೊನೇ ಸ್ಥಾನವೇ."

"ಕಡಲೆಕಾಯಿ ಚೆನ್ನಾಗಿರುತ್ತಲ್ಲ, ಬಿಡು."

ಅವನು ಜೆರ್ಸಿ ಮಗುಚಿ ಅವಳ ಮುಂದೆ ಹಿಡಿದ. "ಸೂಜಿ ದಾರ ತಾ. ಇದು ಬರೀ ಕಚ್ಚಾ ಹೊಲಿಗೆ. ಒಂದೆಳೆ ಎಳೆದ್ರೆ ಹೆಸರೆಲ್ಲ ಕೈಗೆ ಬರುತ್ತೆ."

ಲೊರೇನಳ ಮುಖ ಕೆಂಪಾಯಿತು. "ಹೇಗೂ ಬಿಚ್ಚಬೇಕಾಗುತ್ತೆ ಅಂತ..."

"ಗೊತ್ತು ಕಣೆ. ಅದಕ್ಕೇ ಈ ವರ್ಷದ ಆಟ ಶುರುವಾದಾಗಿಂದ ಸೀಟಿಗೆ ಬೆನ್ನು ಒರಗಿಸದೆ ಕೂತಿದ್ದೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಬಂದು ದಾರವನ್ನು ಜೋಡಿ ಎಳೆಯಾಗಿ ಪೋಣಿಸಿದಳು. ಅಪ್ಪ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡ. ಮೊದಲ ಅಕ್ಷರ ಮುಗಿಯುವ ಮುಂಚೆಯೇ ಶುಕ್ರವಾರದ ಆಟದ ಮಾತೆತ್ತಿದ, ಅಡುಗೆಮನೆಯಲ್ಲೇ.