ಎಡಗಾಲಿನ ಕುಲಗೋತ್ರ

ಜಾತಿ ಬಿಡಿ ಎಂದು ಭಾಷಣ ಬಿಗಿಯುವುದರಲ್ಲಿ ತುಮಕೂರು ಶೆಟ್ಟಿಹಳ್ಳಿಯ ಚನ್ನಬಸವಯ್ಯ ಮೇಷ್ಟರನ್ನು ಮೀರಿಸುವವರಿರಲಿಲ್ಲ. ರಿಟೈರಾದ ಮೇಲಂತೂ ಗುಬ್ಬಿಯಾಗಲಿ, ಕುಣಿಗಲ್ಲಾಗಲಿ, ಮೈಕು ಕಂಡಲ್ಲಿ ಹಾಜರು. ಸೊಸೆ ಮಾಲಿನಿಗೆ ಆ ಭಾಷಣ ಬಾಯಿಪಾಠವಾಗಿತ್ತು. ಪಾಪ, ಕಾರು ಓಡಿಸುತ್ತಿದ್ದವಳು ಅವಳೇ ತಾನೇ!

ಸಕ್ಕರೆ ಕಾಯಿಲೆ ಮೇಷ್ಟರು ಅಂತ ನೋಡುತ್ತದೆಯೇ? ಎಡಗಾಲಿನ ರಕ್ತನಾಳ ಕಟ್ಟಿಕೊಂಡು, ಹೆಬ್ಬೆರಳ ಪಕ್ಕದ ಹುಣ್ಣು ಮಾಯದೆ ಕಪ್ಪಿಟ್ಟಿತು. ಹತ್ತು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದರು.

"ನಾಳ ತುಂಬಾ ಹಾಳಾಗಿದೆ, ಸ್ಟೆಂಟೂ ಆಗಲ್ಲ, ಬೈಪಾಸೂ ಆಗಲ್ಲ" ಎಂದರು ಡಾಕ್ಟರ್ ಸುಶ್ಮಿತಾ. "ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ನೋಡ್ಬಹುದು. ಹೊಸ ಸಣ್ಣ ನಾಳ ಚಿಗುರಿದ್ರೆ ಕಾಲು ಉಳಿಯುತ್ತೆ. ಗ್ಯಾರಂಟಿ ಇಲ್ಲ. ಬೇಡ ಅಂದ್ರೆ ಮಂಡಿ ಕೆಳಗೆ ತೆಗೀಬೇಕಾಗುತ್ತೆ."

"ಆ ಸೆಲ್ಲು ಎಲ್ಲಿಂದ ತರ್ತೀರಮ್ಮ?"

"ದಾನಿಗಳ ಮೂಳೆ ಮಜ್ಜೆಯಿಂದ ಸರ್."

"ದಾನಿ ಅಂದ್ರೆ... ಯಾವ ಜನ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಮಾಲಿನಿಗೆ ಆಯಿತು, ಮೈಯೆಲ್ಲ ಉರಿದುಹೋಯಿತು. ದಾನಿಯ ಹೆಸರು ತಮಗೂ ಗೊತ್ತಿರುವುದಿಲ್ಲ ಎಂದು ಡಾಕ್ಟರು ಹೇಳಿದ್ದೇ ತಡ, ಮೇಷ್ಟರು ಸಹಿ ಹಾಕದೆ ಪೆನ್ನಿಟ್ಟು ಮನೆಗೆ ಬಂದುಬಿಟ್ಟರು.

"ಕೊಳೀತಿರೋ ಕಾಲಿಗೆ ಜಾತಿ ಕೇಳ್ತೀರಲ್ರೀ, ನಾಚ್ಕೆ ಆಗಲ್ವಾ?" ಹೆಂಡತಿ ಸರ್ವಮಂಗಳಮ್ಮ ಅತ್ತರು, ಬೈದರು.

"ಜಾತಿ ಎಲ್ಲಿ ಕೇಳ್ದೆ ಕಣೇ? ಆಚಾರ ಕೇಳ್ದೆ. ಮೈಯೊಳಕ್ಕೆ ಹೋಗೋದಲ್ವಾ!"

ಮೂರನೆಯ ದಿನ ಜ್ವರ ಬಂತು. ಹುಣ್ಣು ನಾತ ಹೊಡೆಯತೊಡಗಿತು. ಮಾಲಿನಿಯ ಸಿಟ್ಟೆಲ್ಲ ಇಳಿದು ಭಯ ಹತ್ತಿಕೊಂಡಿತು. ಮದುವೆಯಾದ ಮೇಲೆ ಎದುರು ಕೂರಿಸಿಕೊಂಡು ಅವಳಿಗೆ ಎಂ.ಎ. ಪಾಸು ಮಾಡಿಸಿದ ಮನುಷ್ಯ ಅವರು. ಅವರನ್ನು ಒಂಟಿಕಾಲಲ್ಲಿ ನೋಡಲು ಅವಳಿಂದಾಗದು.

"ಮಾವ, ವಿಚಾರಿಸ್ದೆ. ದಾನಿ ಕುಣಿಗಲ್ ಕಡೆಯೋರಂತೆ. ನಮ್ಮೋರೇ, ಮಠದ ಭಕ್ತರು" ಎಂದು ಸತ್ಯದ ತಲೆಯ ಮೇಲೆ ಹೊಡೆದಂತೆ ಸುಳ್ಳು ಬಿಟ್ಟಳು.

ಅರ್ಧ ಗಂಟೆಯಲ್ಲಿ ಸಹಿ ಬಿತ್ತು.

ಜ್ವರ ಇಳಿದ ಮೇಲೆ ಮೀನಖಂಡಕ್ಕೆ ಸಾಲಾಗಿ ಸೂಜಿ ಚುಚ್ಚಿದರು. ಎರಡು ತಿಂಗಳು ಏನೂ ಇಲ್ಲ. ಆಮೇಲೆ ತಣ್ಣಗಿದ್ದ ಪಾದ ಬೆಚ್ಚಗಾಯಿತು, ನೋವು ತಗ್ಗಿತು. ಆರನೆಯ ತಿಂಗಳಿಗೆ ಹುಣ್ಣು ಪೂರ್ತಿ ಮಾಯ್ದು, ಮೇಷ್ಟರು ಬೆಳಿಗ್ಗೆ ತಾವೇ ನಡೆದುಹೋಗಿ ಹಾಲು ತಂದರು. ಸರ್ವಮಂಗಳಮ್ಮ ಖುಷಿಗೆ ಪಾಯಸ ಮಾಡಿ, ಮೇಷ್ಟರೊಬ್ಬರನ್ನು ಬಿಟ್ಟು ಎಲ್ಲರಿಗೂ ಬಡಿಸಿದರು.

ವಾಸಿಯಾದ ಮೇಲಿನ ಮೊದಲ ಭಾಷಣ ಗುಬ್ಬಿಯಲ್ಲಿ. ಮೇಷ್ಟರು ಪಂಚೆ ಒಂಚೂರು ಎತ್ತಿ ಕಾಲು ತೋರಿಸಿದರು.

"ಬಂಧುಗಳೇ, ಈ ಕಾಲು ಉಳಿಸಿದ್ದು ಯಾರ ಮಜ್ಜೆಯೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ! ಕೇಳುವವನು ಮನುಷ್ಯನೇ?"

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಮಾಲಿನಿಗೆ ಕೂತ ಕುರ್ಚಿಯೇ ಮುಳ್ಳಾಯಿತು.

ಮೇಷ್ಟರು ವೇದಿಕೆಯ ಮೆಟ್ಟಿಲು ದಡದಡ ಇಳಿದು ಬಂದು, ಹಾರ ಅವಳ ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿದರು. "ಅವ್ರು ನಮ್ಮೋರೇ ತಾನೇನಮ್ಮ? ಸರಿಯಾಗಿ ವಿಚಾರಿಸ್ದ್ಯಾ?"

"ಇಲ್ಲ ಮಾವ. ಸುಳ್ಳು ಹೇಳ್ದೆ. ಯಾರೋ ಏನೋ, ದೇವ್ರಾಣೆಗೂ ಗೊತ್ತಿಲ್ಲ."

ಮೇಷ್ಟರು ತಮ್ಮ ಕಾಲನ್ನೇ ನೋಡಿದರು. ಸುತ್ತ ಜನ ಕೈಮುಗಿಯುತ್ತಿದ್ದರು, ಅವರೂ ಮುಗಿದರು. ಕಾರು ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ಅಷ್ಟು ದೂರವನ್ನೂ ಅವರು ಎಡಗಾಲು ಎಳೆದುಕೊಂಡು ಕುಂಟುತ್ತಲೇ ನಡೆದರು.