ಕಣ್ಣು ಬರೆಯುವ ಕುಂಚ

ನನ್ನನ್ನು ಮೊದಲ ಸಲ ಕಂಡವರು ಬೇವಿನ ಹಲ್ಲುಕಡ್ಡಿ ಎಂದುಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಗೇಣುದ್ದದ ಬಿದಿರುಕಡ್ಡಿ, ಅದರ ತುದಿಗೆ ಪಾರಿವಾಳದ ಗರಿಯ ಕೊಳವೆ, ಕೊಳವೆಯ ಬಾಯಲ್ಲಿ ನಾಲ್ಕು ಕೂದಲು. ಇಷ್ಟೇ ನಾನು. ಆದರೆ ನಾನೊಂದು ಕುಂಚ, ಅದೂ ಅಂಥಿಂಥ ಕುಂಚವಲ್ಲ, ಕಣ್ಣು ಬರೆಯುವ ಕುಂಚ. ಸೀರೆಗೂ ಹಿನ್ನೆಲೆಗೂ ಬಣ್ಣ ಬಳಿಯುವ ದಪ್ಪ ಕುಂಚಗಳ ಜೊತೆ ನನ್ನನ್ನು ಒಂದೇ ಡಬ್ಬಿಯಲ್ಲಿ ನಿಲ್ಲಿಸಿದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ.

ನಾನು ಹುಟ್ಟಿದ್ದು ಕೊಪ್ಪಳದ ಕಡೆಯ ಒಂದು ಊರಿನಲ್ಲಿ, ಕಟ್ಟಿಗೆಯ ದೇವರುಗಳನ್ನು ಮಾಡುವ ರಾಘಪ್ಪನ ಮನೆಯಲ್ಲಿ. ಹಿತ್ತಲಿನ ಹುಣಸೆಮರಕ್ಕೆ ಬರುತ್ತಿದ್ದ ಅಳಿಲೊಂದನ್ನು ರಾಘಪ್ಪ ಬುಟ್ಟಿ ಕವುಚಿ ಹಿಡಿದ, ಬಾಲದಿಂದ ಚಿಟಿಕೆಯಷ್ಟು ಕೂದಲು ಕತ್ತರಿಸಿಕೊಂಡು ಬಿಟ್ಟುಬಿಟ್ಟ. ಕೊಲ್ಲಬಾರದೆಂಬುದು ಆ ಮನೆಯ ಕಟ್ಟಳೆ. ಅಳಿಲು ಮರವೇರಿ ಬಹಳ ಹೊತ್ತು ಬೈಯುತ್ತಿತ್ತಂತೆ. ಕೂದಲಿಗೆ ರೇಷ್ಮೆದಾರ ಸುತ್ತಿ, ಗರಿಯೊಳಗೆ ಏರಿಸಿ, ಕಡ್ಡಿಗೆ ಸಿಕ್ಕಿಸಿ ನನ್ನನ್ನು ಮಾಡಿದವಳು ರಾಘಪ್ಪನ ಮಗಳು ತುಳಜವ್ವ. ಆಗ ಅವಳಿಗೆ ಹದಿನಾರು.

ಆ ಮನೆಯಲ್ಲಿ ದೇವರಿಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅಂದು ರಾಘಪ್ಪ ಸ್ನಾನ ಮಾಡಿ, ಒಪ್ಪತ್ತು ಇದ್ದು, ಮೂರ್ತಿಯ ಎದುರಿಗೆ ಒಂದು ಕನ್ನಡಿ ನಿಲ್ಲಿಸಿ, ತಾನು ಪಕ್ಕಕ್ಕೆ ಸರಿದು ಕೂರುತ್ತಿದ್ದ. ಹೊಸದಾಗಿ ತೆರೆದ ಕಣ್ಣಿನ ಮೊದಲ ನೋಟ ತುಂಬ ಬಿರುಸು, ಅದು ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು ಎಂಬ ನಂಬಿಕೆ. ಪಕ್ಕದಿಂದ ಕೈ ಚಾಚಿ ಅವನು ಎರಡು ಬೊಟ್ಟು ಕಪ್ಪು ಇಡುತ್ತಿದ್ದ. ಅಷ್ಟು ಹೊತ್ತೂ ಕಟ್ಟಿಗೆಯಾಗಿದ್ದದ್ದು ದೇವರಾಗುತ್ತಿತ್ತು. ಅದರಲ್ಲಿ ನನ್ನ ಪಾಲೂ ಇದೆ ಎಂದು ನಾನು ಬೀಗುತ್ತಿದ್ದೆ.

ತುಳಜವ್ವನ ಮದುವೆಯಾಯಿತು. ಗಂಡ ಗದಗಿನ ದ್ಯಾಮಣ್ಣ. ಅವನೂ ಚಿತ್ರಗಾರರವನೇ, ಆದರೆ ದೇವರ ಕೆಲಸ ಬಿಟ್ಟು ಮನುಷ್ಯರ ಚಿತ್ರಕ್ಕೆ ಇಳಿದಿದ್ದ. ರಾಘಪ್ಪ ಮಗಳ ಜೊತೆ ನನ್ನನ್ನೂ ಕನ್ನಡಿಯನ್ನೂ ಕೊಟ್ಟು, “ಇದರಾಗ ಕಣ್ಣಷ್ಟ ಬರೀಬೇಕು ಅಳಿಯಂದಿರ. ಬರ್ಯೂಮುಂದ ಕನ್ನಡಿ ಮರೀಬ್ಯಾಡ್ರಿ” ಎಂದ. ದ್ಯಾಮಣ್ಣ ತಲೆಯಾಡಿಸಿದ. ಮಾವನ ಆ ಮಾತನ್ನು ಅವನು ಚಾಚೂ ತಪ್ಪದೆ ನಡೆಸಿದ.

ಅವನ ಕೆಲಸವೆಂದರೆ ತೀರಿಕೊಂಡವರ ಚಿತ್ರ. ಮನೆಮನೆಗೆ ಕ್ಯಾಮೆರಾ ಬರುವ ಮುಂಚಿನ ಮಾತು ಇದು. ಜನ ಹೆಬ್ಬೆರಳಗಲದ ಒಂದು ಫೋಟೋ ತರುತ್ತಿದ್ದರು. ಅವನು ಅದರ ಮೇಲೆ ಸಣ್ಣ ಚೌಕಗಳನ್ನು ಎಳೆದು, ದೊಡ್ಡ ಹಲಗೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಎಳೆದು, ಒಂದೊಂದೇ ಚೌಕವನ್ನು ನೋಡಿ ತುಂಬುತ್ತಿದ್ದ. ಮೂಗು ಎಷ್ಟನೇ ಚೌಕದಲ್ಲಿ ಶುರುವಾಗುತ್ತದೆ, ಕಿವಿ ಎಲ್ಲಿ ಮುಗಿಯುತ್ತದೆ, ಎಲ್ಲಾ ಲೆಕ್ಕ. ಕೈ ಎಷ್ಟು ಪಳಗಿತ್ತೆಂದರೆ ಮಾತಾಡುತ್ತಾ, ಚಹಾ ಕುಡಿಯುತ್ತಾ ಅವನು ಒಂದು ಮುಖ ಮುಗಿಸುತ್ತಿದ್ದ. ಕೊನೆಯಲ್ಲಿ ಚಿತ್ರದೆದುರು ಸ್ಟೂಲಿನ ಮೇಲೆ ಕನ್ನಡಿ ಇಟ್ಟು, ಪಕ್ಕಕ್ಕೆ ಸರಿದು, ತಲೆ ಎತ್ತದೆ ಕೈ ಚಾಚುತ್ತಿದ್ದ.

ಆ ಚಾಚಿದ ಕೈಗೆ ನನ್ನನ್ನು ಕೊಡುವುದು ತುಳಜವ್ವನ ಕೆಲಸ. ಅವಳು ನನ್ನನ್ನು ನೀರಿಗೆ ಅದ್ದಿ, ತುಟಿಯಲ್ಲಿ ಒತ್ತಿ ಮೊನೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣನ್ನು ಅರ್ಧ ಮುಚ್ಚಿ ನೋಡುತ್ತಿದ್ದಳು. ಒಂದು ಕೂದಲು ಆಚೆ ಹೋಗಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಆಮೇಲೆ, “ತಗೋರಿ, ಕೂದಲ ಕೂಡ್ಯಾವ” ಎನ್ನುತ್ತಿದ್ದಳು. ಮೂವತ್ತು ವರ್ಷ ದಿನವೂ ಅದೇ ಕೈ, ಅದೇ ಮಾತು. ಆ ಅರ್ಧ ಮುಚ್ಚಿದ ಕಣ್ಣನ್ನು ನಾನು ನೋಡಿದಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿಲ್ಲ.

ಒಮ್ಮೆ ಬೆಟಗೇರಿಯ ಹೆಂಗಸೊಬ್ಬಳು ತನ್ನ ತಾಯಿಯ ಫೋಟೋ ತಂದಳು. ಅದು ತೀರಿಕೊಂಡ ಮೇಲೆ ತೆಗೆಸಿದ್ದು, ಕಣ್ಣು ಮುಚ್ಚಿತ್ತು. ಕಣ್ಣು ತೆರೆದಂತೆ ಬರೆದುಕೊಡಬೇಕು ಎಂದಳು. ದ್ಯಾಮಣ್ಣನಿಗೆ ಇದೇನು ಹೊಸದಲ್ಲ. ಅವನ ಬಳಿ ಸಿದ್ಧವಾದ ಮೂರು ಜೊತೆ ಕಣ್ಣುಗಳಿದ್ದವು: ಗಂಡಿಗೊಂದು, ಹೆಣ್ಣಿಗೊಂದು, ಮುಪ್ಪಿನವರಿಗೊಂದು. ಮುಪ್ಪಿನ ಕಣ್ಣನ್ನು ಇಟ್ಟುಕೊಟ್ಟ. ಹೆಂಗಸು ಚಿತ್ರ ನೋಡಿ, “ನಮ್ಮವ್ವನ ಕಣ್ಣು, ಹಂಗ ಅದಾವ” ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅವಳು ಹೋದ ಮೇಲೆ ತುಳಜವ್ವ ಕೇಳಿದಳು. “ಅವು ಖರೇ ಯಾರ ಕಣ್ಣು?”

“ಯಾರವರ ಆಗ್ಲಿ. ಅಳೋರ ಕಣ್ಣಾಗ ನೀರು ತುಂಬಿರತಾವ. ಯಾವ ಕಣ್ಣಿಟ್ಟರೂ ತಮ್ಮವ್ವಂದ ಅನಸ್ತೈತಿ.”

ತುಳಜವ್ವ ನನ್ನನ್ನು ತೊಳೆದು ಬಟ್ಟೆಗೆ ಒತ್ತಿದಳು. ಒತ್ತುತ್ತಲೇ, “ನನ್ನದೊಂದು ಬರೀರಲ” ಎಂದಳು.

ದ್ಯಾಮಣ್ಣ ನಕ್ಕ. “ಬದುಕಿದ್ದೋರದು ನಾ ಬರ್ಯಾಂಗಿಲ್ಲ ಅನ್ನೂದು ಗೊತ್ತೈತಲ್ಲ. ನೀ ಎಲ್ಲಿಗೆ ಹೊಂಟೀದಿ?”

“ಎಲ್ಲಿಗೂ ಹೊಂಟಿಲ್ಲ. ನೀವು ಒಮ್ಮೆರೆ ಎದುರಿಗೆ ಕುಂತು ನನ್ನ ಮಾರಿ ನೋಡಿದ್ದು ನೆನಪಿಲ್ಲ. ಅದಕ್ಕ ಕೇಳಿದೆ.”

ಅದೇ ಹೊತ್ತಿಗೆ ಯಾರೋ ಗಿರಾಕಿ ಬಂದರು, ಮಾತು ಅಲ್ಲಿಗೇ ನಿಂತಿತು. ಮತ್ತೆಂದೂ ಅವಳು ಕೇಳಲಿಲ್ಲ. ಮುದುಕ ಮುದುಕಿಯರ, ಸಾಹುಕಾರರ, ಮಾಸ್ತರರ ನೂರಾರು ಕಣ್ಣುಗಳನ್ನು ನಾನು ಬರೆದೆ. ಅವೆಲ್ಲ ಕನ್ನಡಿಯನ್ನು ನೋಡಿದವು. ದ್ಯಾಮಣ್ಣನನ್ನು ಒಂದೂ ನೋಡಲಿಲ್ಲ. ನಿಜ ಹೇಳಬೇಕೆಂದರೆ ಅವನೂ ಯಾರನ್ನೂ ನೋಡಲಿಲ್ಲ, ಚೌಕಗಳನ್ನು ನೋಡಿದ.

ತುಳಜವ್ವ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ದಿನಕರ್ಮ ಮುಗಿದು, ಬಂದವರೆಲ್ಲ ಹೋದ ಮೇಲೆ ಚೌಕಟ್ಟು ಹಾಕುವ ದಾವಲಸಾಬ ಬಂದ. ಪಕ್ಕದ ಅಂಗಡಿಯವನು, ತುಳಜವ್ವನನ್ನು ಅಕ್ಕ ಎಂದು ಕರೆಯುತ್ತಿದ್ದವನು. ತಾನೇ ಸಾಗವಾನಿಯ ಒಂದು ಚೌಕಟ್ಟು ಮಾಡಿ ತಂದಿದ್ದ. “ಮಾಸ್ತರ, ಅಕ್ಕನ ಫೋಟೋ ಯಾವುದೈತಿ?” ಎಂದು ಕೇಳಿದ.

ಇದ್ದದ್ದು ಒಂದೇ ಫೋಟೋ, ಮದುವೆಯದು. ಅದರಲ್ಲಿ ಅವಳು ತಲೆ ತಗ್ಗಿಸಿದ್ದಳು, ಬಾಸಿಂಗ ಅರ್ಧ ಮುಖವನ್ನೇ ಮುಚ್ಚಿತ್ತು. ಊರಿನವರ ಮುಖಗಳನ್ನೆಲ್ಲ ಗೋಡೆಗೇರಿಸಿದವನ ಮನೆಯಲ್ಲಿ ಹೆಂಡತಿಯ ಮುಖ ಇರಲಿಲ್ಲ. ದ್ಯಾಮಣ್ಣ ಆ ಫೋಟೋವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಮರುದಿನ ಹಲಗೆ ತೆಗೆದುಕೊಂಡು ರೂಢಿಯಂತೆ ಚೌಕ ಎಳೆದ. ಎಲ್ಲ ಚೌಕ ಎಳೆದಾದ ಮೇಲೆ ನೋಡಿ ತುಂಬಲು ಏನೂ ಇಲ್ಲವೆಂಬುದು ನೆನಪಾಯಿತು. ಆದರೂ ಬಿಡಲಿಲ್ಲ. ನತ್ತು, ಕುಂಕುಮ, ಬೈತಲೆಯ ಎರಡೂ ಕಡೆಯ ನರೆ, ಗಲ್ಲದ ಮೇಲಿನ ಹಚ್ಚೆಯ ಚುಕ್ಕೆ, ಇವೆಲ್ಲ ನೆನಪಿನಿಂದಲೇ ಬಂದವು. ಕಣ್ಣಿಗೆ ಬಂದಾಗ ಕೈ ತಾನಾಗಿಯೇ ಆ ಸಿದ್ಧ ಹೆಣ್ಣುಕಣ್ಣನ್ನು ಇಟ್ಟುಬಿಟ್ಟಿತು. ದಾವಲಸಾಬ ನೋಡಿದ, ಕಾಲು ಬದಲಿಸಿ ನಿಂತು ಮತ್ತೊಮ್ಮೆ ನೋಡಿದ. “ಸಿಟ್ಟಾಗಬ್ಯಾಡ್ರಿ ಮಾಸ್ತರ. ಇವರು ಬ್ಯಾರೆ ಯಾರೋ ಅದಾರ” ಎಂದ.

ದ್ಯಾಮಣ್ಣ ಸಿಟ್ಟಾಗಲಿಲ್ಲ. ಕಣ್ಣಿನ ಮೇಲೆ ಮೈಬಣ್ಣ ಬಳಿದು ಮುಚ್ಚಿದ. ಇನ್ನೊಮ್ಮೆ ಬರೆದಾಗ ಮಾವನ ಮನೆಯ ದೇವಿಯ ಕಣ್ಣು ಬಂತು, ಕಿವಿಯವರೆಗೆ ಎಳೆದದ್ದು. ಅದನ್ನೂ ಮುಚ್ಚಿದ. ಆಮೇಲೆ ತಿಂಗಳುಗಟ್ಟಲೆ ಆ ಮುಖ ಕಣ್ಣಿಲ್ಲದೆ ನಿಂತಿತ್ತು. ಅವನು ಅದರೆದುರಿಗೇ ರೊಟ್ಟಿ ತಿನ್ನುತ್ತಿದ್ದ. ಯಾರಾದರೂ ಫೋಟೋ ತಂದರೆ, “ಇವರು ನಿಮ್ಮನ್ನ ಹೆಂಗ ನೋಡತಿದ್ದರು?” ಎಂದು ಕೇಳುತ್ತಿದ್ದ. ಅವರು ತಬ್ಬಿಬ್ಬಾಗಿ ಬೇರೆ ಅಂಗಡಿಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಚಿತ್ರದ ಕಡೆಗೆ ತಿರುಗಿ, “ಮೂವತ್ತು ವರ್ಷ ಜೋಡಿ ಇದ್ದು, ನಿನ್ನ ಕಣ್ಣು ಹೆಂಗಿದ್ದವು ಅನ್ನೂದು ನನಗ ಗೊತ್ತಿಲ್ಲಲ್ಲ” ಎಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ನನಗೆ ಗೊತ್ತಿತ್ತು. ಈ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೆ ಕುಂಚಕ್ಕೆ ಬಾಯಿ ಇಲ್ಲ. ಹಿಡಿದವನ ಕೈಯಲ್ಲಿದ್ದದ್ದು ಮಾತ್ರ ನನ್ನಿಂದ ಹೊರಡುತ್ತದೆ, ನನ್ನೊಳಗಿದ್ದದ್ದು ನನ್ನಲ್ಲೇ ಉಳಿಯುತ್ತದೆ. ಅಷ್ಟು ಒಂಟಿತನ ನನಗೆ ಹಿಂದೆಂದೂ ಆಗಿರಲಿಲ್ಲ. ಮೊನೆ ಮಾಡುವವರಿಲ್ಲದೆ ನನ್ನ ಕೂದಲುಗಳು ದಿಕ್ಕಿಗೊಂದಾಗಿದ್ದವು. ದ್ಯಾಮಣ್ಣ ನನ್ನನ್ನು ಬಟ್ಟಲಿನ ಅಂಚಿಗೆ ಉಜ್ಜಿ ಹಾಗೇ ಬಳಸುತ್ತಿದ್ದ. ಉದುರಿದವು ಉದುರಿ, ಐದೋ ಆರೋ ಉಳಿದಿದ್ದವು.

ಒಂದು ಬೆಳಿಗ್ಗೆ ಅವನು ಮತ್ತೆ ಸ್ಟೂಲಿನ ಮೇಲೆ ಕನ್ನಡಿ ಇಟ್ಟ. ನನ್ನನ್ನು ಎತ್ತಿಕೊಂಡು ಬಟ್ಟಲಿಗೆ ಉಜ್ಜಿದ. ಕೂದಲು ಕೂಡಲಿಲ್ಲ. ಇನ್ನೊಮ್ಮೆ ಉಜ್ಜಿದ. ಆಮೇಲೆ, ತುಳಜವ್ವ ಹೋದ ಮೇಲೆ ಮೊದಲ ಸಲ, ನನ್ನನ್ನು ನೀರಿಗದ್ದಿ ತುಟಿಯಲ್ಲಿ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದ. ಮೊನೆ ಕಾಣಲೆಂದು ಎಡಗಣ್ಣು ಅರ್ಧ ಮುಚ್ಚಿತು.

ಅವನಿನ್ನೂ ಪಕ್ಕಕ್ಕೆ ಸರಿದಿರಲಿಲ್ಲ, ಎದುರಿನ ಕನ್ನಡಿಯಲ್ಲಿ ಆ ಅರ್ಧ ಮುಚ್ಚಿದ ಕಣ್ಣು ಅವನಿಗೆ ಕಂಡಿತು. ಕೈ ಅಲ್ಲೇ ನಿಂತುಬಿಟ್ಟಿತು. ಕೈ ಚಾಚಿದಾಗೆಲ್ಲ ಕಡೆಗಣ್ಣಿಗೆ ಬೀಳುತ್ತಿದ್ದದ್ದು, ಮೂವತ್ತು ವರ್ಷ ಪಕ್ಕದಲ್ಲೇ ಇದ್ದೂ ಅವನು ತಿರುಗಿ ನೋಡದೆ ಬಿಟ್ಟದ್ದು, ಅವಳ ಆ ನೋಟ, ಈಗ ಅವನ ಮುಖದ ಮೇಲೇ ಬಂದು ಕೂತಿತ್ತು. “ಏ ತುಳಜಾ” ಎಂದ ಮೆಲ್ಲಗೆ. ಅವಳಿದ್ದಾಗ ಒಳಮನೆಯಿಂದ ಕರೆಯುತ್ತಿದ್ದ ಅದೇ ದನಿ.

ಆಮೇಲೆ ಅವನು ಮಾಡಿದ್ದನ್ನು ರಾಘಪ್ಪ ಕಂಡಿದ್ದರೆ ಬೈಯುತ್ತಿದ್ದ. ಕನ್ನಡಿಯನ್ನು ಎತ್ತಿ ನೆಲದ ಮೇಲೆ ಬೋರಲು ಹಾಕಿದ. ಅದಿದ್ದ ಸ್ಟೂಲಿನ ಮೇಲೆ ತಾನು ಕೂತ, ಚಿತ್ರಕ್ಕೆ ನೇರ ಎದುರಿಗೆ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಅವನಿಗೆ ಪುರಸೊತ್ತಿರಲಿಲ್ಲ. ಬಲಗಣ್ಣನ್ನು ಪೂರ್ತಿ ಬರೆದ, ಎಡಗಣ್ಣನ್ನು ಅರ್ಧ ಮುಚ್ಚಿಸಿ ಬರೆದ. ಅಂದು ಅವನ ಕೈಯಲ್ಲಿದ್ದದ್ದೂ ನನ್ನೊಳಗಿದ್ದದ್ದೂ ಒಂದೇ ಆಗಿತ್ತು. ಕೊನೆಯ ಬೊಟ್ಟು ಇಟ್ಟು ಕೈ ತೆಗೆದಾಗ ತುಳಜವ್ವ ಅವನನ್ನು ನೋಡಿದಳು. ಮೊದಲ ನೋಟ ಅವನ ಮೇಲೇ ಬಿತ್ತು. ಅವನು ಕಣ್ಣು ತಗ್ಗಿಸಲಿಲ್ಲ.

ಸಂಜೆ ದಾವಲಸಾಬ ಬಂದು, “ಎಡಗಣ್ಣು ಸಣ್ಣದಾತಲ್ಲ ಮಾಸ್ತರ” ಎಂದ, ಮತ್ತೊಮ್ಮೆ ನೋಡಿದ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಕುಂಚ ನೋಡಾಕಹತ್ಯಾಳ ಅಕ್ಕ” ಎಂದ. ಚೌಕಟ್ಟು ಹಾಕಿಕೊಟ್ಟ. ಗಾಜು ಮಾತ್ರ ದ್ಯಾಮಣ್ಣ ಬೇಡವೆಂದ, ನಡುವೆ ಇನ್ನೇನೂ ಬರುವುದು ಅವನಿಗೆ ಬೇಕಿರಲಿಲ್ಲ.

ಈಗ ಫೋಟೋ ದೊಡ್ಡದು ಮಾಡುವ ಅಂಗಡಿಗಳು ಬಂದಿವೆ. ಚೌಕ ಎಳೆದು ಮುಖ ಬರೆಸುವವರು ಯಾರೂ ಇಲ್ಲ. ಬಂದಿದ್ದರೂ ದ್ಯಾಮಣ್ಣ ಬರೆಯುತ್ತಿರಲಿಲ್ಲ. ಆ ದಿನದ ನಂತರ ಅವನು ನನ್ನನ್ನು ಬಣ್ಣಕ್ಕೆ ಮುಟ್ಟಿಸಿಲ್ಲ. ಚಿತ್ರದ ಕೆಳಗಿನ ಗೂಡಿನಲ್ಲಿ, ತುಳಜವ್ವನ ಕುಂಕುಮದ ಭರಣಿಯ ಪಕ್ಕದಲ್ಲಿ ನನ್ನ ಜಾಗ. ದಪ್ಪ ಕುಂಚಗಳ ಸಹವಾಸ ತಪ್ಪಿತಲ್ಲ ಎಂಬ ಸಮಾಧಾನ ನನಗಿದೆ. ಆದರೆ ತುಟಿಯಲ್ಲಿ ಒತ್ತುವಾಗ ಅವಳು ಗುನುಗುತ್ತಿದ್ದ ಸದ್ದು ನೆನಪಾದರೆ ಈ ಗೂಡು ತುಂಬ ದೊಡ್ಡದೆನ್ನಿಸುತ್ತದೆ.

ದಿನವೂ ಬೆಳಿಗ್ಗೆ ದ್ಯಾಮಣ್ಣ ಸ್ಟೂಲು ಎಳೆದುಕೊಂಡು ಅವಳೆದುರು ಕೂರುತ್ತಾನೆ. ನನ್ನನ್ನು ನೀರಿಗದ್ದಿ, ತುಟಿಯಲ್ಲಿ ಒತ್ತಿ, ಅವಳ ನೋಟ ಬೀಳುವ ಜಾಗದಲ್ಲಿ ಎತ್ತಿ ಹಿಡಿಯುತ್ತಾನೆ. “ಕೂಡ್ಯಾವೇನು?” ಎಂದು ಕೇಳುತ್ತಾನೆ. ಉಳಿದ ನಾಲ್ಕು ಕೂದಲನ್ನು ಒಂದು ಮಾಡಿಕೊಂಡು ನಾನು ನೆಟ್ಟಗೆ ನಿಲ್ಲುತ್ತೇನೆ. ಅವನು ಇನ್ನೊಂದು ಕೈಯನ್ನು ಚಾಚುತ್ತಾನೆ, ಮೊದಲಿನಂತೆಯೇ. ತಲೆ ಮಾತ್ರ ತಗ್ಗಿಸಿರುವುದಿಲ್ಲ. ಅವಳ ಮುಖವನ್ನೇ ನೋಡುತ್ತಾ, ಕೈ ಚಾಚಿಕೊಂಡು ಕಾಯುತ್ತಾನೆ.