ಇಯೋಸುವಾ ಚಕ್ರದಿಂದ ಎದ್ದ ದಿನ

ನಮ್ಮೂರಲ್ಲಿ ಬಸ್ಸಿನ ಟೈರು ಪಂಕ್ಚರ್ ಆದರೆ ಎಲ್ಲರೂ ಮೆಕ್ಯಾನಿಕ್‌ಗಳೇ. ಒಬ್ಬ ಸುತ್ತಿಗೆ ತರುತ್ತಾನೆ, ಹತ್ತು ಜನ ಸಲಹೆ ತರುತ್ತಾರೆ. ಆ ಹತ್ತರಲ್ಲಿ ನಾನೂ ಒಬ್ಬಳು.

ಮಕ್ಕಳ ಭಾನುವಾರದ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹಾಗೇ ಆಯಿತು. ಮರುದಿನ ಊರ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ದೊಡ್ಡ ಚರ್ಚಿಗೆ ಹೋಗಬೇಕು, ಎಲ್ಲರೆದುರು ಬಾಯಿಪಾಠ ಒಪ್ಪಿಸಬೇಕು. ಕರೆದೊಯ್ಯಬೇಕಾದ, ನಮ್ಮೂರ ಡ್ರೈವರ್ ಪೆನಿಯ ಮರದ ಮೈಯ ಬಸ್ಸು ಮಾತ್ರ ದೀವಿಹಲಸಿನ ಮರದಡಿ ವಾಲಿಕೊಂಡು ನಿಂತಿತ್ತು.

ಆ ಬಸ್ಸಿನದು ಹಳೇ ಕಾಲದ ಚಕ್ರ. ರಿಮ್ಮಿಗೆ ಟೈರು ಹಾಕಿ, ಅದು ಕಳಚದಂತೆ ಬಳೆಯಂಥ ಕಬ್ಬಿಣದ ಲಾಕ್ ರಿಂಗ್ ಕೂರಿಸಬೇಕು. ಗಾಳಿ ತುಂಬುವಾಗ ರಿಂಗು ಹಾರಬಾರದೆಂದು ಊರಿನ ಅತಿ ಭಾರದ ಮನುಷ್ಯನನ್ನು ಅದರ ಮೇಲೆ ಕೂರಿಸುವುದು ಪೆನಿಯ ಅಪ್ಪ ಹಾಕಿಕೊಟ್ಟ ಪದ್ಧತಿ. ಈಗ ಆ ಗೌರವ ಪೆನಿಯ ತಮ್ಮ ಇಯೋಸುವಾನದು. ಅವನು ಬಸ್ಸು ಹತ್ತಿದರೆ ಪೆನಿಗೆ ತಿರುಗಿ ನೋಡದೆಯೇ ಗೊತ್ತಾಗುತ್ತದೆ.

ಇಯೋಸುವಾ ಚಕ್ರದ ಮೇಲೆ ರಾಜನಂತೆ ಕೂತಿದ್ದ. ಪಂಕ್ಚರಿಗೆ ತೇಪೆ ಹಾಕಿ ಮುಗಿಸಿದ ಪೆನಿ ಕಂಪ್ರೆಸರಿನ ಗುಂಡಿಯ ಮೇಲೆ ಕೈಯಿಟ್ಟಿದ್ದ. ಅಷ್ಟರಲ್ಲಿ ಅವನ ಹೆಂಡತಿಯ ಅಕ್ಕ ಲಾಂಗಿ ಹಬ್ಬಕ್ಕೆಂದು ರಾಜಧಾನಿ ಆಪಿಯಾದಿಂದ ಬಂದಿಳಿದಳು. ಹನ್ನೆರಡು ವರ್ಷದಿಂದ ಅಲ್ಲಿ ಟೈರ್ ಅಂಗಡಿಯಲ್ಲಿ ಕೆಲಸ ಅವಳದು.

"ಪೆನೀ, ಕೈ ತೆಗಿ! ಇಯೋಸುವಾ, ಏಳೋ ಮೇಲೆ!" ಎಂದು ಚೀಲ ಅಲ್ಲೇ ಎಸೆದಳು.

"ಬಂದ್ರಾ ಅತ್ತಿಗೆ? ಕಾಫಿ ಕುಡೀರಿ ಹೋಗಿ," ಎಂದ ಪೆನಿ. "ನಮ್ಮಪ್ಪ ಮೂವತ್ತು ವರ್ಷ ಹಿಂಗೇ ಗಾಳಿ ಹಿಡಿಸಿದ್ದು. ಏನೂ ಆಗಿಲ್ಲ."

"ನಿಮ್ಮಪ್ಪನ ಪುಣ್ಯ ದೊಡ್ಡದಿತ್ತು. ನಿಂದೆಷ್ಟಿದೆಯೋ ನಂಗೊತ್ತಿಲ್ಲ."

ಇಯೋಸುವಾ ಕೂತಲ್ಲೇ ನಕ್ಕ. "ನನ್ನ ತೂಕ ನೋಡಿ ಅತ್ತಿಗೆ. ಈ ರಿಂಗು ಎಲ್ಲಿಗೆ ಹಾರುತ್ತೆ?"

"ನಿನ್ನ ತೂಕ ಎಷ್ಟಾದ್ರೂ ಇರ್ಲಿ. ನಾಳೆ ಬಸ್ಸಲ್ಲಿ ಎಷ್ಟು ಜನ ಇರ್ತಾರೆ?"

"ಒಬ್ಬರ ತೊಡೆ ಮೇಲೆ ಒಬ್ಬರು ಕೂತ್ರೆ, ಒಂದು ಅರವತ್ತು."

"ಆ ಅರವತ್ತು ಜನಾನ, ಬಸ್ಸಿನ ಸಮೇತ, ಎತ್ತಿ ಹಿಡಿಯೋದು ಏನು? ಟೈರಲ್ಲಿರೋ ಗಾಳಿ ತಾನೇ? ನಿನ್ನೊಬ್ಬನ್ನ ಎಸೆಯೋದು ಅದಕ್ಕೆ ಯಾವ ಲೆಕ್ಕ?"

ಇಯೋಸುವಾ ನಗು ನಿಲ್ಲಿಸಿದ. ಮೆಲ್ಲಗೆ ಎದ್ದ. ನಾನು ಕೂಡ ಎರಡು ಹೆಜ್ಜೆ ಹಿಂದೆ ಸರಿದೆ, ಸುಳ್ಳೇಕೆ ಹೇಳಲಿ.

"ನಾಳೆ ನಿನ್ನ ಮಗಳು ಫೆತು ಮೊದಲ ಸಲ ಪಾಠ ಒಪ್ಪಿಸ್ತಾಳೆ. ಕೇಳೋಕೆ ನೀನಿರ್ಬೇಕೋ ಬೇಡ್ವೋ?" ಎಂದ ಲಾಂಗಿ ಪೆನಿಯತ್ತ ತಿರುಗಿದಳು. "ಬಸ್ಸಿಂದ ಚಕ್ರ ಬಿಚ್ಚೋ ಮುಂಚೆ ಗಾಳಿ ಪೂರ್ತಿ ತೆಗೆದಿದ್ಯಾ?"

"ಪಂಕ್ಚರ್ ಆದ ಟೈರಲ್ಲಿ ಗಾಳಿ ಎಲ್ಲಿಂದ ಬರ್ಬೇಕು?"

"ಇರುತ್ತೆ ಕಣಯ್ಯ. ಕೊಲ್ಲೋಕೆ ಸಾಕಾಗುವಷ್ಟಿರುತ್ತೆ. ವಾಲ್ವ್ ಪಿನ್ ತೆಗೆದು, ಗಾಳಿಯೆಲ್ಲ ಹೋದ ಮೇಲೇ ನಟ್ಟಿಗೆ ಪಾನಾ ಹಾಕ್ಬೇಕು." ಬಗ್ಗಿ ರಿಂಗಿನ ಸುತ್ತ ಬೆರಳಾಡಿಸಿದಳು. "ಇದು ಈ ಚಕ್ರದ್ದೇ ಅಲ್ವಲ್ಲೋ! ಎಲ್ಲಿಂದ ತಂದೆ?"

ಪೆನಿ ತಲೆ ಕೆರೆದುಕೊಂಡ. "ಅಪ್ಪನ ಹಳೇ ಲಾರೀದು. ಹೆಚ್ಚು ಕಮ್ಮಿ ಅದೇ ಅಳತೆ."

"ಹೆಚ್ಚು ಕಮ್ಮಿ ಅಂದ್ರೆ ಆಗೋದು ಅಡುಗೆ ಮನೇಲಿ!"

ಪಕ್ಕದ ಮನೆಯ ಪಿಕಪ್‌ನಲ್ಲಿ ಚಕ್ರವನ್ನು ಆಪಿಯಾದ ಅವಳ ಅಂಗಡಿಗೇ ಸಾಗಿಸಿದೆವು. ಅಲ್ಲಿ ಗಾಳಿ ತುಂಬಲೆಂದೇ ದಪ್ಪ ಸರಳುಗಳ ಉಕ್ಕಿನ ಪಂಜರವಿತ್ತು. ಅದರ ಒಂದು ಸರಳು ಹೊರಕ್ಕೆ ಬಾಗಿತ್ತು.

"ಇದೇನು?" ಎಂದ ಪೆನಿ.

"ಹೋದ ವರ್ಷ ಹಾರಿದ ಒಂದು ರಿಂಗು."

"ಮತ್ತೆ ಗಾಳಿ ತುಂಬ್ತಿದ್ದವನು?"

"ದೂರ, ಪಕ್ಕಕ್ಕೆ ನಿಂತಿದ್ದ. ಆಮೇಲೆ ಕೂತು ಊಟ ಮಾಡಿದ."

ಪೆನಿ ಆ ಸರಳನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿದ. ಅಪ್ಪನ ಲಾರಿಯ ರಿಂಗನ್ನು ತಾನೇ ಎತ್ತಿ ಗುಜರಿಗೆ ಹಾಕಿದ.

ಲಾಂಗಿ ರಿಮ್ಮಿನ ತುಕ್ಕು ಉಜ್ಜಿ, ಬಿರುಕಿಲ್ಲವೆಂದು ನೋಡಿ, ಅದೇ ಚಕ್ರಕ್ಕೆಂದು ಮಾಡಿದ ರಿಂಗನ್ನು ಕೂರಿಸಿದಳು. ಚಕ್ರ ಪಂಜರದೊಳಗೆ ಹೋಯಿತು. ಉದ್ದ ಪೈಪಿನ ಕ್ಲಿಪ್ಪನ್ನು ವಾಲ್ವಿಗೆ ಸಿಕ್ಕಿಸಿ, ನಮ್ಮನ್ನೆಲ್ಲ ದೂರ ಅಟ್ಟಿ, ತಾನೂ ಪಕ್ಕಕ್ಕೆ ಸರಿದು ಮೀಟರ್ ನೋಡುತ್ತ ಗಾಳಿ ತುಂಬತೊಡಗಿದಳು.

"ರಿಂಗು ಸರಿಯಾಗಿ ಕೂರದಿದ್ರೆ ಸುತ್ತಿಗೇಲಿ ಎರಡು ಬಿಟ್ರಾಯ್ತು, ಅಲ್ವಾ?" ಎಂದ ಪೆನಿ, ಚಾಳಿ ಬಿಡದೆ.

"ಗಾಳಿ ಇರೋ ಚಕ್ರಕ್ಕೆ ಸುತ್ತಿಗೆ ಮುಟ್ಟಿಸಿದ್ರೆ ನಿನ್ನ ಕೈಗೆ ನಾನು ಎರಡು ಬಿಡ್ತೀನಿ! ಗಾಳಿಯೆಲ್ಲ ತೆಗೆದು ಮೊದಲಿಂದ ಶುರು ಮಾಡ್ಬೇಕು."

ಭಾನುವಾರ ಬಸ್ಸು ಹಾಡುತ್ತ ಹೊರಟಿತು. ಇಯೋಸುವಾನ ತೊಡೆಯ ಮೇಲೆ ಮೂರು ಮಕ್ಕಳು. ಅವನ ತೂಕ ಅಂತೂ ಸರಿಯಾದ ಕೆಲಸಕ್ಕೆ ಬಂತು.

ಚರ್ಚಿನಲ್ಲಿ ಫೆತು ಮೂರು ಸಾಲು ಹೇಳಿ ನಾಲ್ಕನೆಯದನ್ನು ಮರೆತಳು. ಕಣ್ಣು ಹಿಂದಿನ ಸಾಲುಗಳಲ್ಲಿ ಅಪ್ಪನನ್ನು ಹುಡುಕಿತು. ಅಷ್ಟು ದೊಡ್ಡ ಮನುಷ್ಯ, ಹುಡುಕುವುದೇನು ಕಷ್ಟ? ಅವನು ಎದ್ದು ನಿಂತು ನಕ್ಕ. ಅವಳಿಗೆ ಸಾಲು ನೆನಪಾಯಿತು. ನಾನು ಕರವಸ್ತ್ರವಿಲ್ಲದೆ ಬೀಸಣಿಗೆಯಲ್ಲೇ ಕಣ್ಣೊರೆಸಿಕೊಂಡೆ.

ಹಳೇ ಲಾರಿ, ಬಸ್ಸು ಇಟ್ಟುಕೊಂಡಿರುವ ಅಣ್ಣಂದಿರೇ, ಅವರ ಮನೆಯ ಹೆಂಗಸರೇ, ಚಕ್ರ ಬಿಚ್ಚುವ ಮೊದಲು ಗಾಳಿ ಪೂರ್ತಿ ತೆಗೆಯಿರಿ. ಬಿರುಕು ಬಿಟ್ಟ ರಿಂಗು, ಬೇರೆ ಚಕ್ರದ ರಿಂಗು ಹಾಕಬೇಡಿ. ಪಂಜರವಿಲ್ಲದಿದ್ದರೆ ಗಾಳಿ ತುಂಬಬೇಡಿ, ಇರುವಲ್ಲಿಗೆ ಒಯ್ಯಿರಿ. ಅರ್ಧ ದಿನ ಹೋದರೆ ಹೋಗಲಿ. ನಿಮ್ಮ ಮನೆಯ ಮಗು ತಿರುಗಿ ನೋಡಿದಾಗ ನೀವು ಅಲ್ಲಿರಬೇಕು.